ಲಗ್ನಪತ್ರಿಕೆಯ ಲೆಕ್ಕ

2016ರ ಕೊನೆಯಲ್ಲಿ ಬಳ್ಳಾರಿಯ ಒಂದು ಮದುವೆ ಕಾರ್ಡು ದೇಶದ ಟಿ.ವಿ. ಚಾನೆಲ್ಲುಗಳಲ್ಲೆಲ್ಲ ಸುದ್ದಿಯಾಯಿತು. ಮಾಜಿ ಸಚಿವ ಗಾಲಿ ಜನಾರ್ದನ ರೆಡ್ಡಿಯವರ ಮಗಳ ಮದುವೆಯದು. ಕಾರ್ಡು ಅನ್ನುವುದಕ್ಕಿಂತ ಪೆಟ್ಟಿಗೆ ಅನ್ನಬೇಕು. ಮುಚ್ಚಳ ತೆರೆದರೆ ಒಳಗಿದ್ದ ಎಲ್‌ಸಿಡಿ ಪರದೆ ಹೊತ್ತಿಕೊಂಡು ಹಾಡು ಶುರುವಾಗುತ್ತಿತ್ತು. ಮನೆಮಂದಿ ಆ ಹಾಡಿನಲ್ಲೇ ಕಾಣಿಸಿಕೊಂಡು ಮದುವೆಗೆ ಕರೆಯುತ್ತಿದ್ದರು. ಮದುವೆ ನಡೆದದ್ದು ನವೆಂಬರ್ 16ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ. ಅದಕ್ಕೆ ಎಂಟು ದಿನ ಮೊದಲು, ನವೆಂಬರ್ 8ರ ರಾತ್ರಿ, 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾಗಿದ್ದವು.

ಅದೇ ತಿಂಗಳು ಸಾದಾ ಮದುವೆ ಕಾರ್ಡಿಗೂ ಎಂದೂ ಇಲ್ಲದ ಬೆಲೆ ಬಂತು. ಮನೆಯಲ್ಲಿ ಮದುವೆ ಇದ್ದವರು ತಮ್ಮ ಖಾತೆಯಿಂದ ಎರಡೂವರೆ ಲಕ್ಷ ರೂಪಾಯಿವರೆಗೆ ನಗದು ತೆಗೆಯಬಹುದು ಎಂದು ಸರ್ಕಾರ ಹೇಳಿತು. ನವೆಂಬರ್ 21ರಂದು ರಿಸರ್ವ್ ಬ್ಯಾಂಕ್ ಅದಕ್ಕೆ ನಿಯಮ ಹೊರಡಿಸಿ, ಅರ್ಜಿಯ ಜೊತೆ ಮದುವೆಯ ಆಹ್ವಾನ ಪತ್ರಿಕೆಯನ್ನು, ಛತ್ರಕ್ಕೂ ಅಡುಗೆಯವರಿಗೂ ಕೊಟ್ಟ ಮುಂಗಡದ ರಸೀದಿಗಳನ್ನು ಲಗತ್ತಿಸಬೇಕು ಎಂದಿತು. ಮದುವೆ ಡಿಸೆಂಬರ್ 30ರ ಒಳಗೆ ಇರಬೇಕೆಂಬ ಷರತ್ತೂ ಇತ್ತು. ಕೌಂಟರಿನ ಆಚೆ ಕೂತವರು ಕಾರ್ಡು ಎಷ್ಟು ದಪ್ಪ, ಚಿನ್ನದ ಬಣ್ಣದ ಗಣಪತಿ ಇದ್ದಾನೋ ಇಲ್ಲವೋ ಅಂತ ನೋಡುವಂತಿರಲಿಲ್ಲ. ಅವರಿಗೆ ಬೇಕಿದ್ದದ್ದು ಯಾರ ಮದುವೆ, ಯಾವತ್ತು, ಎಲ್ಲಿ ಎಂಬುದಷ್ಟೇ.

ಕಾರ್ಡಿನ ಕೆಲಸವೇ ಅಷ್ಟು. ಉಳಿದ ಕೆಲಸ, ಅಂದರೆ ಕರೆಯುವ ಕೆಲಸ, ನಮ್ಮ ಕಡೆ ಕಾಗದ ಮಾಡುವುದಿಲ್ಲ, ಮನುಷ್ಯರು ಮಾಡುತ್ತಾರೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಯಾವುದೇ ಮನೆಯಲ್ಲಿ ಕೇಳಿ ನೋಡಿ. "ಕಾರ್ಡ್ ಛಂದ ಇರ್ಲಿಲ್ಲ, ಅದಕ್ಕ ಮದ್ವಿಗೆ ಹೋಗ್ಲಿಲ್ಲ" ಅಂದವರು ಸಿಗುವುದಿಲ್ಲ. "ಮನಿಗೆ ಬಂದು ಕರೀಲಿಲ್ಲ, ಬರೇ ವಾಟ್ಸಾಪ್‌ನಾಗ ಕಳ್ಸಿ ಸುಮ್ಮನಾದ್ರು" ಅಂತ ಹತ್ತು ವರ್ಷ ಮಾತು ಬಿಟ್ಟವರು ಓಣಿಗೊಬ್ಬರು ಸಿಗುತ್ತಾರೆ. ಕಾರ್ಡಿನ ಮೂಲೆಗೆ ಅರಿಶಿನ ಹಚ್ಚಿ, ಕುಂಕುಮ ಕೊಟ್ಟು, ಕೂತು ಚಹಾ ಕುಡಿದು, "ಎಲ್ರೂ ಬರ್ಬೇಕು ನೋಡ್ರಿ, ಮುಂಚಿನ ದಿನಾನೇ ಬರ್ಬೇಕು" ಅಂದು ಎದ್ದರೆ ಕಾರ್ಡು ಯಾವ ಕಾಗದದ್ದಾದರೂ ನಡೆಯುತ್ತದೆ. ಆದ್ದರಿಂದ ಈ ಬಾಬ್ತಿನಲ್ಲಿ ದುಡ್ಡು ಉಳಿಸುವುದು ಮರ್ಯಾದೆ ಕಳೆದುಕೊಳ್ಳುವ ವಿಷಯ ಅಂತ ಯಾರೂ ಹೆದರಬೇಕಿಲ್ಲ. ಹೆದರಿಸುವುದು ಅಂಗಡಿಯ ಆಲ್ಬಮ್ಮು.

ಆ ಆಲ್ಬಮ್ಮಿನ ಒಳಗುಟ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಬಳ್ಳಾರಿಯಲ್ಲಾಗಲಿ ಬೇರೆ ಊರಿನಲ್ಲಾಗಲಿ ಕಾರ್ಡಿನ ಅಂಗಡಿಯವರು ತೋರಿಸುವ ಬಣ್ಣಬಣ್ಣದ ಕಾರ್ಡುಗಳು ಬಹುಮಟ್ಟಿಗೆ ಅಲ್ಲಿ ಹುಟ್ಟಿದವಲ್ಲ. ಶಿವಕಾಶಿ, ಹೈದರಾಬಾದ್, ದೆಹಲಿಯಂಥ ಕಡೆ ವಿನ್ಯಾಸವನ್ನು ಮಾತ್ರ ಅಚ್ಚು ಹಾಕಿ, ಮಡಿಸಿ, ಒಳಗೆ ಖಾಲಿ ಬಿಟ್ಟು, ಕವರಿನ ಸಮೇತ ಕಳಿಸಿರುತ್ತಾರೆ. ನಮ್ಮ ಊರಿನ ಪ್ರೆಸ್ಸಿನವರು ಆ ಖಾಲಿ ಜಾಗದಲ್ಲಿ ನಮ್ಮ ಮನೆಯ ಮ್ಯಾಟರ್ ಮುದ್ರಿಸಿ ಕೊಡುತ್ತಾರೆ. ಹೀಗಾಗಿ ಬಿಲ್ಲಿನಲ್ಲಿ ಎರಡು ಭಾಗ: ರೆಡಿಮೇಡ್ ಕಾರ್ಡಿನ ದರ ಒಂದು, ಮ್ಯಾಟರ್ ಮುದ್ರಣದ ಕೂಲಿ ಇನ್ನೊಂದು. ಅಂಗಡಿಯವರು ಎರಡನ್ನೂ ಸೇರಿಸಿ "ಒಂದಕ್ಕೆ ಇಷ್ಟು" ಅಂದುಬಿಡುತ್ತಾರೆ. ಬಿಡಿಸಿ ಹೇಳಿ ಅನ್ನಿ. ಬಿಡಿಸಿದ ಕೂಡಲೇ ಎಲ್ಲಿ ಚೌಕಾಸಿ ಮಾಡಬಹುದು ಎಂಬುದು ಕಾಣುತ್ತದೆ.

ಮೊದಲ ಭಾಗದಲ್ಲಿ ಚೌಕಾಸಿಗೆ ಜಾಗ ಇರುವುದು ಹಳೇ ಮಾಲಿನಲ್ಲಿ. ಪ್ರತಿ ಹಂಗಾಮಿಗೂ ಹೊಸ ಆಲ್ಬಮ್ ಬರುತ್ತದೆ. ಹೋದ ವರ್ಷದ ವಿನ್ಯಾಸದ ಇನ್ನೂರೋ ಮುನ್ನೂರೋ ಕಾರ್ಡುಗಳು ಅಟ್ಟದ ಮೇಲೆ ಉಳಿದಿರುತ್ತವೆ. ಇನ್ನೂರು ಮನೆ ಕರೆಯುವವರಿಗೆ ಅದು ಹೇಳಿ ಮಾಡಿಸಿದ ಮಾಲು. ಎಲ್ಲರೂ ಮದುವೆ ಮಾಡುವ ಹೊತ್ತಿನಲ್ಲಿ, ಮಾಘದಿಂದ ವೈಶಾಖದವರೆಗೆ, ಹೋದರೆ ಯಾರೂ ಅಟ್ಟ ಹತ್ತುವುದಿಲ್ಲ. ಆಷಾಢದಲ್ಲೋ ಧನುರ್ಮಾಸದಲ್ಲೋ ಅಂಗಡಿ ಖಾಲಿ ಇದ್ದಾಗ ಹೋಗಿ ಕೂತರೆ ಅವರೇ ಕೆಳಗಿಳಿಸಿ ತೋರಿಸುತ್ತಾರೆ. ಸಿರುಗುಪ್ಪದ ಕಡೆ ಭತ್ತ ಮಾರಿ ಕೈಗೆ ದುಡ್ಡು ಬಂದ ಮೇಲೇ ಮದುವೆಯ ಮಾತು. ಅದಕ್ಕೂ ಮೊದಲು ಕಾರ್ಡು ಕೊಳ್ಳುವುದು ಹೇಗೆ ಅಂತ ಕೇಳಬಹುದು. ಕಾರ್ಡು ಕೊಳ್ಳಬೇಡಿ, ಹಿಡಿದಿಡಿಸಿ. ಖಾಲಿ ಕಾರ್ಡಿಗೆ ಸಣ್ಣ ಮುಂಗಡ ಕೊಟ್ಟು ಮುಹೂರ್ತ ಗೊತ್ತಾದ ಮೇಲೆ ಮ್ಯಾಟರ್ ಕೊಟ್ಟರೆ ಆಯಿತು.

ಎರಡನೇ ಭಾಗ, ಮುದ್ರಣದ ಕೂಲಿ, ಸ್ವಲ್ಪ ವಿವರಿಸಬೇಕಾದ್ದು. ಮುದ್ರಣದಲ್ಲಿ ಮೊದಲ ಕಾರ್ಡೇ ದುಬಾರಿ, ಆಮೇಲಿನವು ಅಗ್ಗ. ಮ್ಯಾಟರ್ ಟೈಪ್ ಮಾಡಬೇಕು, ಆಫ್‌ಸೆಟ್ ಆದರೆ ಪ್ಲೇಟ್ ಮಾಡಬೇಕು, ಸ್ಕ್ರೀನ್ ಪ್ರಿಂಟಿಂಗ್ ಆದರೆ ಬಣ್ಣಕ್ಕೊಂದರಂತೆ ಸ್ಕ್ರೀನ್ ತಯಾರಿಸಬೇಕು, ಯಂತ್ರ ಹೊಂದಿಸಬೇಕು. ನೂರು ಕಾರ್ಡಿಗೂ ಸಾವಿರ ಕಾರ್ಡಿಗೂ ಈ ಖರ್ಚು ಒಂದೇ. ಲೆಕ್ಕಕ್ಕೆಂದು ಈ ಆರಂಭದ ಖರ್ಚು 2,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ನೂರು ಕಾರ್ಡಿಗೆ ಹಂಚಿದರೆ ಒಂದರ ತಲೆಯ ಮೇಲೆ 20 ರೂಪಾಯಿ, ಸಾವಿರಕ್ಕೆ ಹಂಚಿದರೆ 2 ರೂಪಾಯಿ. ಮದುವೆಗೆ ಹತ್ತು ದಿನ ಇರುವಾಗ "ಇನ್ನೊಂದು ಐವತ್ತು ಹಾಕಿಕೊಡ್ರಿ" ಅಂತ ಓಡುವುದು ಇದಕ್ಕೇ ನಷ್ಟ: ಆ ಐವತ್ತರ ತಲೆಯ ಮೇಲೆ ಮತ್ತೆ ಆ ಖರ್ಚಿನ ಬಹುಪಾಲು ಬೀಳುತ್ತದೆ. ಕಾರ್ಡು ಕಡಿಮೆ ಸಾಕು, ಇನ್ನೂರರ ಒಳಗೆ ಅನ್ನುವವರು ಪ್ಲೇಟಿನ ಹಂಗೇ ಇಲ್ಲದ ಡಿಜಿಟಲ್ ಮುದ್ರಣಕ್ಕೆ ಹೋಗುವುದು ಲೇಸು. ಅಲ್ಲಿ ಹಾಳೆಗೆ ಇಷ್ಟು ಅಂತ ದರ.

ಹಾಳೆಗೆ ದರ ಅಂದಮೇಲೆ ಹಾಳೆಯ ಅಳತೆ ತಿಳಿದಿರಬೇಕು. ಡಿಜಿಟಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ 13×19 ಇಂಚಿನ ಹಾಳೆ ಹೋಗುತ್ತದೆ. ಅಂಚು ಬಿಟ್ಟರೆ 12×18 ಉಳಿಯುತ್ತದೆ. ಅದರಲ್ಲಿ 4×6 ಇಂಚಿನ ಕಾರ್ಡು ಮೂರು ಸಾಲು ಮೂರು ಸಾಲಾಗಿ 9 ಕೂರುತ್ತವೆ, ಒಂದು ಚೂರೂ ಹಾಳಾಗುವುದಿಲ್ಲ. ಅಂಗಡಿಯವರು "ಇದೇ ಈಗ ನಡೀತಿರೋದು" ಅನ್ನುವ 5×7ರ ಕಾರ್ಡು ಹೇಗೆ ತಿರುಗಿಸಿ ಜೋಡಿಸಿದರೂ 5 ದಾಟುವುದಿಲ್ಲ. ಒಂದೊಂದು ಇಂಚು ದೊಡ್ಡದಾದದ್ದಕ್ಕೆ ಹಾಳೆಯ ಖರ್ಚು ಹೆಚ್ಚುಕಡಿಮೆ ಎರಡರಷ್ಟು! ಬಣ್ಣವನ್ನು ಅಂಚಿನವರೆಗೂ ಹರಿಸದೆ ಸುತ್ತ ಬಿಳಿ ಬಿಟ್ಟರೆ ಕತ್ತರಿಸುವುದಕ್ಕೂ ಸಲೀಸು, ಒಂದು ಕೂದಲೆಳೆ ಆಚೀಚೆ ಆದರೂ ಕಾಣುವುದಿಲ್ಲ.

ಕಾಗದದ ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ: ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಮಡಿಕೆ ಇಲ್ಲದ ಒಂಟಿ ಕಾರ್ಡಿಗೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಧಾರಾಳ. 4×6 ಅಳತೆಯದ್ದಾದರೆ ಅದು ಐದು ಗ್ರಾಂ ಕೂಡ ತೂಗುವುದಿಲ್ಲ. ಕವರು ಸೇರಿದರೂ ಹತ್ತರ ಆಸುಪಾಸು. 20 ಗ್ರಾಂ ಒಳಗಿನ ಲಕೋಟೆಗೆ ಐದು ರೂಪಾಯಿಯ ಅಂಚೆಚೀಟಿ ಸಾಕು. ಪೆಟ್ಟಿಗೆ ಕಾರ್ಡು, ಒಣಹಣ್ಣಿನ ಡಬ್ಬಿ ಕಾರ್ಡು ಮಾಡಿಸಿದವರು ಅದನ್ನು ಅಂಚೆಪೆಟ್ಟಿಗೆಗೆ ಹಾಕುವಂತೆಯೇ ಇಲ್ಲ, ಕೊರಿಯರ್ ಅಂಗಡಿಗೆ ಹೋಗಬೇಕು.

ಮಡಿಕೆ, ಇನ್ಸರ್ಟು, ಚಿನ್ನದ ಫಾಯಿಲ್, ಉಬ್ಬಚ್ಚು, ರಿಬ್ಬನ್ನು ಇವುಗಳಲ್ಲಿ ಪ್ರತಿಯೊಂದೂ ಕಾಗದದ ಮೇಲೆ ಇನ್ನೊಂದು ಕೈ ಆಡಿದ ಲೆಕ್ಕ. ಫಾಯಿಲಿಗೆ ಅಚ್ಚು ಬೇರೆ ಮಾಡಿಸಬೇಕು, ರಿಬ್ಬನ್ನನ್ನು ಯಾರೋ ಕೂತು ಒಂದೊಂದಾಗಿ ಅಂಟಿಸಬೇಕು. ಕಾರ್ಡು ಕೈಗೆತ್ತಿಕೊಂಡು ಇದರ ಮೇಲೆ ಎಷ್ಟು ಕೈ ಆಡಿವೆ ಎಂದು ಎಣಿಸಿದರೆ ದರ ಯಾಕೆ ಏರಿತು ಅನ್ನುವುದು ಗೊತ್ತಾಗುತ್ತದೆ. ಲ್ಯಾಮಿನೇಷನ್ ಮಾಡಿಸಿದ ಕಾರ್ಡಿಗೆ ಅರಿಶಿನವೂ ನೆಟ್ಟಗೆ ಹಿಡಿಯುವುದಿಲ್ಲ, ಜಾರುತ್ತದೆ. ಮೂಲೆಗೆ ಅರಿಶಿನ ಹಚ್ಚುವ ಮನೆಯವರು ಈ ಒಂದು ಕಾರಣಕ್ಕಾದರೂ ಒರಟು ಕಾಗದ ಆರಿಸಿಕೊಳ್ಳಬಹುದು.

ನಮ್ಮ ಜಿಲ್ಲೆಗೇ ಸಲ್ಲುವ ಇನ್ನೊಂದು ಖರ್ಚಿದೆ: ಎರಡು ಭಾಷೆಯ ಕಾರ್ಡು. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಸೇರಿತು. ತಾಲ್ಲೂಕುಗಳು ಹೋದವು, ಬೀಗತನ ಹೋಗಲಿಲ್ಲ. ಸಿರುಗುಪ್ಪದ ಹೆಣ್ಣು ಆದೋನಿಗೆ, ರಾಯದುರ್ಗದ ಹೆಣ್ಣು ಬಳ್ಳಾರಿಗೆ ಇವತ್ತಿಗೂ ಹೋಗುತ್ತಾ ಬರುತ್ತಾ ಇದ್ದಾರೆ. ಹೀಗಾಗಿ ಕನ್ನಡದಲ್ಲಿ ಇನ್ನೂರು, ತೆಲುಗಿನಲ್ಲಿ ನೂರು, ಉರ್ದು ಓದುವ ಮನೆಗಳಾದರೆ ಇನ್ನೊಂದಿಷ್ಟು. ಇದನ್ನು ಬೇರೆ ಬೇರೆ ಆರ್ಡರ್ ಅಂತ ಕೊಟ್ಟರೆ ಆರಂಭದ ಖರ್ಚು ಎರಡು ಮೂರು ಪಟ್ಟು. ಪ್ರೆಸ್ಸಿನವರು ತಾವಾಗಿ ಹೇಳದ ಒಂದು ಉಪಾಯವಿದೆ. ಬಣ್ಣದ ಮುದ್ರಣ ಆಗುವುದು ನಾಲ್ಕು ಪ್ಲೇಟುಗಳಲ್ಲಿ: ನೀಲಿ, ಕೆಂಪು, ಹಳದಿ, ಕಪ್ಪು. ಅಕ್ಷರವೆಲ್ಲ ಬರೀ ಕಪ್ಪಿನಲ್ಲಿ ಇರುವಂತೆ ವಿನ್ಯಾಸ ಮಾಡಿಸಿದರೆ ಮೂರು ಬಣ್ಣದ ಪ್ಲೇಟುಗಳು ಎಲ್ಲ ಭಾಷೆಗೂ ಒಂದೇ. ಬದಲಿಸಬೇಕಾದ್ದು ಕಪ್ಪು ಪ್ಲೇಟು ಒಂದನ್ನೇ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಬೇರೆ ಬೇರೆ ಕಾರ್ಡು ಮಾಡಿಸುವಾಗಲೂ ಇದೇ ಉಪಾಯ ನಡೆಯುತ್ತದೆ. ಕರೆಯುವವರ ಹೆಸರು, ಆರತಕ್ಷತೆಯ ಸಾಲು ಮಾತ್ರ ಬೇರೆ, ಉಳಿದದ್ದು ಒಂದೇ. ಬೀಗರು ಒಂದೇ ಪ್ರೆಸ್ಸಿಗೆ ಹೋಗಲು ಒಪ್ಪಬೇಕು ಅನ್ನಿ. ಅದು ಮುದ್ರಣದ ವಿದ್ಯೆಗೆ ಮೀರಿದ್ದು.

ಅಚ್ಚಿನ ವಿದ್ಯೆಯ ಮಟ್ಟಿಗೆ ಬಳ್ಳಾರಿ ಸಾಮಾನ್ಯ ಊರಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈನಲ್ಲಿ ಮಿಷನರಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಶುರು ಮಾಡಿದಾಗ ಅದು ಕಲ್ಲಚ್ಚಿನಲ್ಲಿ ಬರುತ್ತಿತ್ತು. ಮರುವರ್ಷವೇ ಪತ್ರಿಕೆ 'ಕನ್ನಡ ಸಮಾಚಾರ' ಎಂಬ ಹೆಸರಿನಿಂದ ಬಳ್ಳಾರಿಗೆ ಬಂತು, ಇಲ್ಲಿ ಮಿಷನ್ನಿನವರ ಬಳಿ ಮೊಳೆ ಅಚ್ಚು ಇದ್ದದ್ದರಿಂದ. ಒಂದೊಂದೇ ಸೀಸದ ಮೊಳೆ ಆರಿಸಿ ಸಾಲು ಕಟ್ಟುವ ಆ ಕೆಲಸ ಟ್ರೆಡಲ್ ಪ್ರೆಸ್ಸುಗಳ ಕಾಲದವರೆಗೂ ನಡೆಯಿತು. ಆಗ ಹೆಸರು ಜಾಸ್ತಿ ಆದಷ್ಟೂ ಮೊಳೆ ಜೋಡಿಸುವವನ ಕೂಲಿ ಜಾಸ್ತಿ ಆಗುತ್ತಿದ್ದದ್ದರಿಂದ ಕಾರ್ಡುಗಳು ತಮ್ಮಷ್ಟಕ್ಕೆ ಚಿಕ್ಕವಾಗಿರುತ್ತಿದ್ದವು. ಕಂಪ್ಯೂಟರ್ ಬಂದ ಮೇಲೆ ಆ ಲಗಾಮು ಕಳಚಿತು.

ಲಗಾಮು ಕಳಚಿದ್ದು ಎಲ್ಲಿಗೆ ಬಂದಿದೆ ಎಂದು ನೋಡಲು ಯಾವುದಾದರೂ ಕಾರ್ಡಿನ ಕೊನೆಯ ಪುಟ ತಿರುವಿ. ಸುಖಾಗಮನ ಬಯಸುವವರು ಅಂತ ಶುರುವಾಗಿ ದೊಡ್ಡಪ್ಪಂದಿರು, ಚಿಕ್ಕಪ್ಪಂದಿರು, ಸೋದರಮಾವಂದಿರು, ಅಳಿಯಂದಿರು, ಮೊಮ್ಮಕ್ಕಳು, ಅವರ ಹುದ್ದೆ, ಊರು, ಕೆಲವರ ಫೋಟೊ. ಮೇಲೆ ಮಠಾಧೀಶರ ಆಶೀರ್ವಾದ, ಊರಿನ ಮುಖಂಡರ ಘನ ಉಪಸ್ಥಿತಿ. ಕಾರ್ಡು ಎರಡು ಪುಟದಿಂದ ನಾಲ್ಕಾಗುವುದು, ನಾಲ್ಕರಿಂದ ಇನ್ಸರ್ಟ್ ಸಮೇತ ಆರಾಗುವುದು ಈ ಪಟ್ಟಿಯಿಂದ. ಕಾರ್ಡಿನ ಖರ್ಚು ಬೆಳೆಯುವುದಕ್ಕೆ ವಿನ್ಯಾಸಕ್ಕಿಂತ ದೊಡ್ಡ ಕಾರಣ ಇದೇ ಅನ್ನುವುದು ನನ್ನ ಅನಿಸಿಕೆ. ಪಟ್ಟಿ ಚಿಕ್ಕದು ಮಾಡಲು ಹೋದರೆ ಜಗಳ: ಹಿರಿಯ ಚಿಕ್ಕಪ್ಪನನ್ನು ಹಾಕಿ ಕಿರಿಯವನನ್ನು ಬಿಡುವುದು ಹೇಗೆ? ಆದ್ದರಿಂದ ಚಿಕ್ಕದು ಮಾಡಬೇಡಿ, ಪೂರ್ತಿ ತೆಗೆದುಬಿಡಿ. ಎರಡೂ ಕಡೆಯ ತಂದೆ ತಾಯಿಯ ಹೆಸರು, ತೀರಿಕೊಂಡ ಹಿರಿಯರನ್ನು ನೆನೆಯುವ ಒಂದು ಸಾಲು, ಕೆಳಗೆ "ಬಂಧು ಬಳಗದವರು". ಯಾರ ಹೆಸರೂ ಇಲ್ಲದ ಕಡೆ ಯಾರ ಹೆಸರೂ ಬಿಟ್ಟುಹೋಗುವುದಿಲ್ಲ. ಮನೆಯ ಹಿರಿಯರು ಇದಕ್ಕೆ ಒಪ್ಪದಿದ್ದರೆ ಒಂದು ರಾಜಿ ಇದೆ: ಹೆಸರಿನ ಪಟ್ಟಿಯನ್ನು ಬಣ್ಣದ ಕಾರ್ಡಿಗೆ ಹಾಕದೆ, ತೆಳ್ಳನೆ ಬಿಳಿ ಕಾಗದದಲ್ಲಿ ಒಂದೇ ಬಣ್ಣದಲ್ಲಿ ಹೊಡೆಸಿ ಕವರಿನೊಳಗೆ ಇಡಿ, ಅದೂ ಹತ್ತಿರದ ನೆಂಟರ ಕವರಿನಲ್ಲಿ ಮಾತ್ರ.

ಹೆಸರು ಹೆಚ್ಚಿದಷ್ಟೂ ತಪ್ಪು ಹೆಚ್ಚು, ತಪ್ಪಿದರೆ ಮರುಮುದ್ರಣ. ಇದು ಎಲ್ಲಕ್ಕಿಂತ ಕೆಟ್ಟ ಖರ್ಚು, ಏನೂ ಪ್ರಯೋಜನ ಇಲ್ಲದ್ದು. ಕನ್ನಡದಲ್ಲಿ ಇದಕ್ಕೊಂದು ತಾಂತ್ರಿಕ ಕಾರಣವೂ ಇದೆ. ನೀವು ಮ್ಯಾಟರನ್ನು ಮೊಬೈಲಿನಲ್ಲಿ ಟೈಪ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತೀರಿ, ಅದು ಯುನಿಕೋಡ್. ಡಿಟಿಪಿಯವರ ಬಳಿ ಅಂದದ ಅಕ್ಷರಗಳಿರುವುದು ಬಹುಪಾಲು ನುಡಿ, ಶ್ರೀಲಿಪಿಯಂಥ ಹಳೆಯ ತಂತ್ರಾಂಶಗಳ ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ. ಹಾಗೇ ಅಂಟಿಸಿದರೆ ಅಕ್ಷರ ಚೆಲ್ಲಾಪಿಲ್ಲಿ. ಪರಿವರ್ತಿಸಿದರೆ ಅರ್ಕಾವೊತ್ತು, ಒತ್ತಕ್ಷರ ಕೆಲವೊಮ್ಮೆ ಜಾಗ ತಪ್ಪುತ್ತವೆ. ಹೀಗಾಗಿ ಅವರು ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಾರೆ. ನೀವು ಸರಿಯಾಗಿ ಕಳಿಸಿದ್ದು ಅಲ್ಲಿ ತಪ್ಪಾಗಬಹುದು. "ನಾನು ಕಳಿಸಿದ್ದರಲ್ಲಿ ಸರಿ ಇತ್ತಲ್ಲ" ಅನ್ನುವ ಮಾತು ಕಾರ್ಡು ಅಚ್ಚಾದ ಮೇಲೆ ಉಪಯೋಗಕ್ಕೆ ಬರುವುದಿಲ್ಲ. ಪ್ರೂಫನ್ನು ಮೊಬೈಲಿನ ಪರದೆಯಲ್ಲಿ ನೋಡಿ "ಓಕೆ" ಅಂದುಬಿಡಬೇಡಿ. ಸಾದಾ ಹಾಳೆಯಲ್ಲಿ ತೆಗೆಸಿ, ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲ ನೋಡುತ್ತಿರಬೇಕು. ವಾರಕ್ಕೂ ತಾರೀಖಿಗೂ ತಾಳೆ ನೋಡಿ; ತಿಥಿಗೂ ತಾರೀಖಿಗೂ ಪಂಚಾಂಗ ಇಟ್ಟುಕೊಂಡು ತಾಳೆ ನೋಡಿ. ಹಳೆಯ ಕಾರ್ಡಿನ ಕಡತದ ಮೇಲೇ ಹೊಸ ಮ್ಯಾಟರ್ ಕೂರಿಸುವುದು ಡಿಟಿಪಿಯವರ ರೂಢಿ. ಹೆಸರುಗಳೆಲ್ಲ ಬದಲಾಗಿ, ಸಂವತ್ಸರವೋ ಶಕ ವರ್ಷವೋ ಹೋದ ವರ್ಷದ್ದೇ ಉಳಿಯುವುದುಂಟು. ಫೋನ್ ನಂಬರನ್ನು ಓದಿ ನೋಡುವುದಲ್ಲ, ಪ್ರೂಫಿನಿಂದಲೇ ಡಯಲ್ ಮಾಡಿ ನೋಡಬೇಕು.

ಪ್ರೆಸ್ಸಿನವರು ವಧು ವರರ ವಯಸ್ಸಿನ ದಾಖಲೆ ಕೇಳಿದರೆ ಸಿಟ್ಟಾಗಬೇಡಿ. ಬಾಲ್ಯವಿವಾಹ ತಡೆಯುವುದಕ್ಕಾಗಿ ಕಾರ್ಡು ಅಚ್ಚು ಹಾಕುವ ಮೊದಲು ವಯಸ್ಸು ನೋಡಿಕೊಳ್ಳುವಂತೆ ನಮ್ಮ ರಾಜ್ಯದ ಹಲವು ಕಡೆ ಅಧಿಕಾರಿಗಳು ಮುದ್ರಣಾಲಯಗಳಿಗೆ ಹೇಳಿದ್ದಾರೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು.

ಇನ್ನು ಎಷ್ಟು ಕಾರ್ಡು? ತಲೆ ಎಣಿಸಬೇಡಿ, ಒಲೆ ಎಣಿಸಿ. ಐನೂರು ಜನ ಅಂದರೆ ಐನೂರು ಕಾರ್ಡಲ್ಲ, ನೂರೈವತ್ತು ಮನೆ ಇರಬಹುದು. ಆ ನೂರೈವತ್ತರಲ್ಲೂ ಎರಡು ದರ್ಜೆ ಮಾಡಬಹುದು: ಕೈಯಾರೆ ಕಾರ್ಡು ಕೊಡಲೇಬೇಕಾದ ಮನೆಗಳು, ಫೋನಿನಲ್ಲಿ ಕರೆದು ಮೊಬೈಲಿಗೆ ಕಳಿಸಿದರೆ ತೃಪ್ತರಾಗುವ ಗೆಳೆಯರು, ಸಹೋದ್ಯೋಗಿಗಳು. ಕೋವಿಡ್ ಕಾಲದಲ್ಲಿ ಮದುವೆಗೆ ಇಂತಿಷ್ಟೇ ಜನ ಎಂಬ ಮಿತಿ ಬಂದಾಗಿನಿಂದ ಎರಡನೆಯದಕ್ಕೆ ಜನ ಒಗ್ಗಿಕೊಂಡಿದ್ದಾರೆ. ದೇವರಿಗೆ ಮೊದಲ ಕಾರ್ಡು ಇರಲಿ. ಬಳ್ಳಾರಿಯವರಿಗೆ ಕನಕದುರ್ಗಮ್ಮ, ಕುರುಗೋಡಿನವರಿಗೆ ದೊಡ್ಡಬಸವೇಶ್ವರ. ಅಲ್ಲಿಗೆ ವಾಟ್ಸಾಪ್ ನಡೆಯುವುದಿಲ್ಲ.

ಮೊಬೈಲಿಗೆ ಕಳಿಸುವಾಗ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಕಳಿಸಿ. ಮದುವೆ ಕಾರ್ಡಿನ ವೇಷದಲ್ಲಿ ಎಪಿಕೆ ಕಡತ ಕಳಿಸಿ ಫೋನಿನೊಳಗೆ ನುಗ್ಗಿ ಬ್ಯಾಂಕ್ ಖಾತೆ ಖಾಲಿ ಮಾಡುವ ಮೋಸದ ಬಗ್ಗೆ 2024ರ ಕೊನೆಯಿಂದ ಹಲವು ರಾಜ್ಯಗಳ ಪೊಲೀಸರು ಎಚ್ಚರಿಸುತ್ತಿದ್ದಾರೆ. ಗುರುತಿಲ್ಲದ ನಂಬರಿನಿಂದ ಬಂದ ಕಾರ್ಡು "ಇನ್‌ಸ್ಟಾಲ್ ಮಾಡಿ" ಅಂತ ಕೇಳಿದರೆ ಅದು ಕಾರ್ಡೇ ಅಲ್ಲ. ಆಗಲೇ ಒತ್ತಿಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹೀಗಾಗಿ ನೀವು ಕಳಿಸಿದ ಚಿತ್ರದ ಹಿಂದೆಯೇ ನಿಮ್ಮದೊಂದು ಕರೆಯೂ ಹೋಗಲಿ. ಛತ್ರದ ದಾರಿ ತೋರಿಸಲು ನಕ್ಷೆಯ ಇನ್ಸರ್ಟ್ ಹಾಕಿಸುವ ಬದಲು ಒಂದು ಕ್ಯೂಆರ್ ಕೋಡ್ ಸಾಕು. ಕೆಲವು ಜಾಲತಾಣಗಳು ಉಚಿತವೆಂದು ಮಾಡಿಕೊಡುವ ಕೋಡು ಪ್ರಾಯೋಗಿಕ ಅವಧಿ ಮುಗಿದ ಮೇಲೆ ಕೆಲಸ ನಿಲ್ಲಿಸುತ್ತದೆ. ಗೂಗಲ್ ನಕ್ಷೆಯ ಕೊಂಡಿಯನ್ನೇ ನೇರವಾಗಿ ಕೋಡಿಗೆ ಹಾಕಿಸಿ, ಅಚ್ಚಾದ ಪ್ರೂಫಿನಿಂದಲೇ ಸ್ಕ್ಯಾನ್ ಮಾಡಿ ನೋಡಿ.

ಕಾರ್ಡಿಗಿಂತ ಕಾರ್ಡು ಹಂಚುವುದೇ ದುಬಾರಿ ಅನ್ನುವುದು ಮದುವೆ ಮಾಡಿದವರಿಗೆಲ್ಲ ಗೊತ್ತು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿ.ಮೀ., ಕುರುಗೋಡು ಅದರ ಅರ್ಧ ದೂರ, ಬೇರೆ ದಿಕ್ಕು. ಬಾಡಿಗೆ ಕಾರಿನಲ್ಲಿ ದಿನಕ್ಕೆ ಹತ್ತು ಮನೆ ಸುತ್ತಿದರೆ ಒಂದೊಂದು ಕಾರ್ಡಿನ ಮೇಲೆ ಬೀಳುವ ಖರ್ಚು ಫಾಯಿಲ್ ಹಾಕಿದ ಕಾರ್ಡಿನ ದರವನ್ನೂ ಮೀರಿಸುತ್ತದೆ. 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಇದೆಯಲ್ಲ. ಸೋದರತ್ತೆಯೂ ಚಿಕ್ಕಮ್ಮನೂ ಸಾಮಾನ್ಯ ಸಾರಿಗೆ ಬಸ್ಸು ಹತ್ತಿದರೆ ಟಿಕೆಟ್ಟಿನ ಖರ್ಚು ಸೊನ್ನೆ. ಕರೆಯುವುದರಲ್ಲಿ ಗಂಡಸರಿಗಿಂತ ಅವರದೇ ಕೈ ಮೇಲು ಅನ್ನುವುದು ಬೇರೆ ಮಾತು. ಯೋಜನೆ ರಾಜ್ಯದೊಳಗೆ ಮಾತ್ರ. ಆದೋನಿಯ ಬೀಗರಿಗೆ ಟಿಕೆಟ್ ಕೊಂಡೇ ಹೋಗಬೇಕು. ಊರಿಗೊಂದು ನೆಂಟರ ಮನೆಗೆ ಆ ಊರಿನ ಕಾರ್ಡುಗಳನ್ನೆಲ್ಲ ಮುಟ್ಟಿಸಿ, ಅವರ ಜೊತೆಗೇ ಓಣಿ ಸುತ್ತಿ ಬರುವುದು ಹಳೆಯ ಪದ್ಧತಿ. ಈಗಲೂ ಅದಕ್ಕಿಂತ ಅಗ್ಗದ್ದು ಇಲ್ಲ.

ಕಾರ್ಡಿಗೆ ಸುತ್ತುವ ಹಾಳೆ, ಛತ್ರದೊಳಗಿನ ಕಾಗದದ ಸಾಮಾನು ಇವುಗಳ ಬಗ್ಗೆ ಎರಡು ಮಾತು. ಕಾರ್ಡು ಕಟ್ಟುಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿಸಲು ದುಡ್ಡು ಕೊಡಬೇಡಿ; 2022ರ ಜುಲೈ 1ರಿಂದ ಜಾರಿಯಾದ ಕೇಂದ್ರದ ನಿಷೇಧದ ಪಟ್ಟಿಯಲ್ಲಿ ಸಿಹಿ ಡಬ್ಬಿ, ಸಿಗರೇಟು ಪೊಟ್ಟಣಗಳ ಜೊತೆ ಆಹ್ವಾನ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ಕನ್ನೂ ಹೆಸರಿಸಿಯೇ ಸೇರಿಸಿದ್ದಾರೆ. ಅದಕ್ಕೂ ಮೊದಲೇ, 2016ರ ಮಾರ್ಚಿನಲ್ಲಿ, ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸ್ ಬ್ಯಾನರ್, ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ ಎಲ್ಲವನ್ನೂ ನಿಷೇಧಿಸಿತ್ತು. ಮೇಜಿಗೆ ಹಾಸಲು ಕಾಗದದ ರೋಲು ಸಾಕು, ಅದೂ ಬಾಳೆ ಎಲೆ ಹಾಕುವ ಕಡೆ. ಪ್ರತಿ ಪಂಕ್ತಿಗೂ ಬದಲಿಸುತ್ತಾರೆ, ಆದ್ದರಿಂದ ಪಂಕ್ತಿ ಎಷ್ಟು, ಮೇಜಿನ ಉದ್ದ ಎಷ್ಟು ಅಂತ ಗುಣಿಸಿ ತನ್ನಿ. ಬಿಚ್ಚದ ರೋಲು ವಾಪಸ್ ತೆಗೆದುಕೊಳ್ಳುವ ಅಂಗಡಿಯಿಂದಲೇ ತನ್ನಿ. ಕಾಗದದ ಲೋಟ ಹೆಸರಿಗೆ ಕಾಗದ, ಒಳಗೆ ಪ್ಲಾಸ್ಟಿಕ್ ಲೇಪ. ಪಾತ್ರೆ ಬಾಡಿಗೆಗೆ ಕೊಡುವವರಿಂದ ಸ್ಟೀಲ್ ಲೋಟ ತಂದರೆ ನೀರಿಗೂ ಮಜ್ಜಿಗೆಗೂ ನಡೆಯುತ್ತದೆ, ತೊಳೆಯುವವರ ಕೂಲಿ ಸೇರಿಸಿಯೂ ಲೆಕ್ಕ ಹಾಕಿ ನೋಡಿ. ತಾಂಬೂಲದ ಚೀಲದ ಮೇಲೆ ವಧು ವರರ ಹೆಸರು, ತಾರೀಖು ಅಚ್ಚು ಹಾಕಿಸುವುದು ಯಾಕೆ ಅಂತ ನನಗೆ ಇದುವರೆಗೂ ತಿಳಿದಿಲ್ಲ. ಹೆಸರಿದ್ದರೆ ಆ ಚೀಲ ಹಿಡಿದು ಯಾರೂ ತರಕಾರಿಗೆ ಹೋಗುವುದಿಲ್ಲ. ಹೆಸರಿಲ್ಲದಿದ್ದರೆ ವರ್ಷಗಟ್ಟಲೆ ಓಡಾಡುತ್ತದೆ, ಉಳಿದ ಚೀಲ ಇನ್ನೊಬ್ಬರ ಮನೆಯ ಶುಭಕಾರ್ಯಕ್ಕೂ ಆಗುತ್ತದೆ. ಜೀನ್ಸ್ ಹೊಲಿಯುವ ಊರಿನಲ್ಲಿದ್ದೇವೆ, ಪರಿಚಯದ ಹೊಲಿಗೆ ಘಟಕ ಇದ್ದರೆ ತುಂಡು ಬಟ್ಟೆಯ ಚೀಲ ಹೊಲಿಸಬಹುದೇ ಎಂದು ಕೇಳಿ ನೋಡಿ.

ಬಡವರ ಮನೆಗಳಲ್ಲಿ ಈ ಖರ್ಚನ್ನೆಲ್ಲ ಒಂದೇ ಏಟಿಗೆ ಇಳಿಸಿದ್ದು ಸಾಮೂಹಿಕ ವಿವಾಹಗಳು. ಧರ್ಮಸ್ಥಳದಲ್ಲಿ 1972ರಿಂದ ನಡೆಯುತ್ತಿವೆ. ನಮ್ಮ ಸೀಮೆಯಲ್ಲೂ ಮಠಗಳ ಜಾತ್ರೆ, ಉತ್ಸವಗಳ ಜೊತೆ ನಡೆಯುತ್ತವೆ. ಅಷ್ಟೂ ಜೋಡಿಗಳಿಗೆ ಒಂದೇ ಕರಪತ್ರ, ಒಂದೇ ಪಂಕ್ತಿ. ಅಲ್ಲಿ ಮದುವೆಯಾದವರ ಸಂಸಾರಕ್ಕೆ ಬಣ್ಣದ ಕಾರ್ಡಿಲ್ಲದ ಕೊರತೆ ಬಾಧಿಸಿದ್ದು ನಾನಂತೂ ಕಂಡಿಲ್ಲ.

ಮೊಬೈಲಿನಲ್ಲೇ ಎಲ್ಲ ಮುಗಿಸುತ್ತೇವೆ, ಒಂದೂ ಕಾರ್ಡು ಅಚ್ಚು ಹಾಕಿಸುವುದಿಲ್ಲ ಅನ್ನುವ ಹುಡುಗ ಹುಡುಗಿಯರಿಗೆ ಒಂದು ಸೂಚನೆ. ಮದುವೆ ನೋಂದಣಿಗೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದರೂ, 2024ರಿಂದ ಕಾವೇರಿ 2.0 ಜಾಲತಾಣದಲ್ಲಿ ಮನೆಯಿಂದಲೇ ಹಿಂದೂ ವಿವಾಹ ನೋಂದಣಿಗೆ ಅರ್ಜಿ ಹಾಕಿದರೂ, ಕೇಳುವ ದಾಖಲೆಗಳಲ್ಲಿ ಆಹ್ವಾನ ಪತ್ರಿಕೆಯೂ ಒಂದು. ಅದರಲ್ಲಿ ಇಬ್ಬರ ಹೆಸರೂ ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೇ ಇರಬೇಕು. ಚಿನ್ನು, ಪಪ್ಪು ಅಂತ ಕರೆಯುವ ಹೆಸರಲ್ಲ. ಹಂಚಿ ಮುಗಿಸುವ ಭರದಲ್ಲಿ ಕೊನೆಯ ಕಾರ್ಡನ್ನೂ ಕೊಟ್ಟುಬಿಟ್ಟು, ಆಮೇಲೆ ನೆಂಟರ ಮನೆಯ ಕಪಾಟಿನಲ್ಲಿ ಹುಡುಕಿಸುವವರಿದ್ದಾರೆ. ಪ್ರೆಸ್ಸಿನಿಂದ ಕಟ್ಟು ಬಂದ ದಿನವೇ ನಾಲ್ಕು ಕಾರ್ಡು ತೆಗೆದು, ಛತ್ರದ ರಸೀದಿಯ ಜೊತೆ ಬೀರುವಿನಲ್ಲಿಡಿ.